ಭೀಮಾಬಾಯಿಯ ಹಾಲು ಹೆಪ್ಪುಗಟ್ಟದ ಕಾರಣ

ಬನ್ನಿಕಟ್ಟಿ ತೋಟ, ಕೊಕಟನೂರ ಹತ್ತಿರ, ತಾ. ಅಥಣಿ
೧೮ ನವೆಂಬರ್ ೨೦೨೪

ಕುಮಾರಿ ಸ್ನೇಹಲ ಗಂಗಾರಾಮ ಮಾನೆ, ಸಂಶೋಧಕಿ, ಪುಣೆ, ಇವರಿಗೆ,

ನಾನು ಚಂಪಾವತಿ ಮುರಗೆಪ್ಪ ಅವಟಿ, ನಿವೃತ್ತ ವಿಜ್ಞಾನ ಶಿಕ್ಷಕಿ, ಒಟ್ಟು ಸೇವಾವಧಿ ಮೂವತ್ತನಾಲ್ಕು ವರ್ಷ ಎರಡು ತಿಂಗಳು, ಈ ಪತ್ರವನ್ನು ಬರೆಯುತ್ತಿದ್ದೇನೆ. ಕಾಗವಾಡದ ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಎದುರಿನ ಬೆಂಚಿನಲ್ಲಿ ಕುಳಿತವಳಿಗೆ ಹೆಸರು, ಸೇವಾವಧಿ ತಿಳಿಸುವ ಅಗತ್ಯವಿರಲಿಲ್ಲ. ಆದರೆ ಇದು ಕುಶಲ ವಿಚಾರಿಸುವ ಪತ್ರವಲ್ಲ. ನಾಳೆ ಒಂದು ಸಭೆಯ ಮುಂದೆ ಇಡಬೇಕಾಗಿ ಬರಬಹುದು. ಬರೆದವರು ಯಾರು ಎಂಬುದು ಕಾಗದದ ಮೇಲೆ ಇರಲಿ.

ವಿಷಯಕ್ಕೆ ಬರುತ್ತೇನೆ. ನಮ್ಮ ತೋಟದ ವಸತಿಯ ಹದಿನಾಲ್ಕು ಹೆಣ್ಣುಮಕ್ಕಳು ಮೂರು ವರ್ಷದ ಹಿಂದೆ ಒಂದು ಸಂಘ ಕಟ್ಟಿಕೊಂಡರು. ಪ್ರತಿಯೊಬ್ಬಳೂ ಬೆಳಗಿನ ಹಾಲನ್ನು ತನ್ನ ಕ್ಯಾನಿನಲ್ಲಿ ತರುತ್ತಾಳೆ. ಎಲ್ಲವನ್ನೂ ಕೂಡಿಸಿ ಕಾಯಿಸಿ, ಹೆಪ್ಪು ಹಾಕಿ, ಗಡಿಗೆಯ ಗಟ್ಟಿ ಮೊಸರು ಮಾಡಿ ಅಥಣಿ, ಕಾಗವಾಡಗಳಿಗೆ ಕಳುಹಿಸುತ್ತಾರೆ. ನಾನು ಆ ಸಂಘದ ಗೌರವ ಸಲಹೆಗಾರ್ತಿ. ಶುಚಿತ್ವದ ವಿಷಯದಲ್ಲಿ ನನ್ನ ಮಾತನ್ನು ಅವರು ಮೀರುವುದಿಲ್ಲ.

ಕಳೆದ ತಿಂಗಳು ಮೂರು ಸಲ ಇಡೀ ದಿನದ ಮೊಸರು ಕೆಟ್ಟಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಒಡೆದಿರಲಿಲ್ಲ, ಹುಳಿಯೂ ಆಗಿರಲಿಲ್ಲ. ಕೊನೆಗೆ ಪ್ರತಿಯೊಬ್ಬರ ಹಾಲನ್ನೂ ಬೇರೆ ಬೇರೆ ಹೆಪ್ಪಿಟ್ಟು ನೋಡಿದರು. ಹದಿಮೂರು ಗಡಿಗೆ ಗಟ್ಟಿಯಾದವು. ಭೀಮಾಬಾಯಿಯದು ಆಗಲಿಲ್ಲ.

ಭೀಮಾಬಾಯಿಯ ಗಂಡ ಮಲಕಾರಿ ಕುರಿ ಕಾಯುತ್ತಾನೆ. ನಾಲ್ಕು ಎಮ್ಮೆಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಸಂಘದ ಅಧ್ಯಕ್ಷೆ ಕೆಂಚವ್ವ ದ್ರಾಕ್ಷಿ ತೋಟದವಳು, ಮಾತು ನೇರ. ಸಭೆಯಲ್ಲಿ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ.

“ಹಾಲಿನ್ಯಾಗ ಸೋಡಾ ಕಲಸಿದರ ಒಡೆಯೂದಿಲ್ಲ, ಹೆಪ್ಪೂ ಹತ್ತೂದಿಲ್ಲ. ಭೀಮಾ, ಖರೆ ಹೇಳಿಬಿಡ. ಒಂದ ಸಲ ಮಾಫ್ ಮಾಡ್ತೇವಿ,” ಎಂದಳು ಕೆಂಚವ್ವ.

“ನೀರಿನ ಹನಿನೂ ಹಾಕಿಲ್ಲರಿ. ಮಾಯಕ್ಕದೇವಿ ಆಣಿ.”

“ಮತ್ತ ಕ್ಯಾನ ತೊಳ್ಯಾಕ ಏನ ಹಾಕ್ತಿ?”

ಭೀಮಾಬಾಯಿ ನನ್ನ ಕಡೆ ಒಮ್ಮೆ ನೋಡಿದಳು. “ಸ್ವಚ್ಛ ತೊಳಿತೀನ್ರಿ. ಅದರ ಮಾತ ಬಿಡ್ರಿ,” ಎಂದಳು. ಸಭೆ ಅದನ್ನು ಹಟವೆಂದು ತಿಳಿಯಿತು.

ಅಂದಿನಿಂದ ಅವಳ ಹಾಲನ್ನು ಸಂಘ ತೆಗೆದುಕೊಳ್ಳುತ್ತಿಲ್ಲ. ಡಿಸೆಂಬರ್ ೨೦ರ ಸಭೆಯೊಳಗೆ ಬೇರೆ ಕಾರಣ ಸಿಗದಿದ್ದರೆ, ಕಲಬೆರಕೆ ಮಾಡಿದಳೆಂದು ಬರೆದು ಅವಳ ಹೆಸರು ತೆಗೆಯುತ್ತಾರೆ. ಹಾಲಿಗೆ ಕಲಬೆರಕೆ ಮಾಡಿದವಳೆಂಬ ಹೆಸರು ಬಂದರೆ ಆ ಹೆಂಗಸಿನ ಮನೆಯ ಮಜ್ಜಿಗೆಯನ್ನೂ ಇಲ್ಲಿ ಯಾರೂ ಕುಡಿಯುವುದಿಲ್ಲ.

ನನ್ನ ಲಿಖಿತ ಅಭಿಪ್ರಾಯ ಕೇಳಿದ್ದಾರೆ. ನೀನು ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವಳು. ಹಾಲು ಹೆಪ್ಪುಗಟ್ಟದಿರಲು ಏನೇನು ಕಾರಣಗಳಿರಬಹುದು ಎಂಬುದನ್ನು ಕನ್ನಡದಲ್ಲಿ, ಸ್ಪಷ್ಟವಾಗಿ ಬರೆದು ಕಳುಹಿಸು. ಫೋನಿನ ಸಂದೇಶ ಬೇಡ.

ಚಂ. ಮು. ಅವಟಿ


ಪುಣೆ
೨೫ ನವೆಂಬರ್ ೨೦೨೪

ಪೂಜ್ಯ ಅಕ್ಕೋರಿಗೆ ಸ್ನೇಹಲಳ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎದ್ದು ನಿಂತೆ. ಉತ್ಪ್ರೇಕ್ಷೆಯಲ್ಲ. ಪ್ರಯೋಗಾಲಯದಲ್ಲಿ ಪಕ್ಕದ ಟೇಬಲಿನವರು ನಕ್ಕರು. ತಪ್ಪು ಉತ್ತರ ಬರೆದವರು ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಅನಂತರ ಸರಿಯಾದುದನ್ನು ಓದಿ ಕೂರಬೇಕು ಎಂಬುದು ನಿಮ್ಮ ತರಗತಿಯ ನಿಯಮ. ಮೂರು ವರ್ಷದಲ್ಲಿ ನಾನು ಏಳು ಸಲ ಓದಿದ್ದೇನೆ. ಏಳನೆಯದು ಸಾರಜನಕದ ಬಗ್ಗೆ. ಈಗ ನನ್ನ ಅನ್ನ ಅದರಿಂದಲೇ ನಡೆಯುತ್ತಿದೆ.

ಇಲ್ಲಿ ಮರಾಠಿ, ಇಂಗ್ಲಿಷ್ ಮಾತಾಡಿ ಕನ್ನಡ ಸವೆದಿದೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ.

ಹೆಪ್ಪೆಂದರೆ ಜೀವ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲದಿಂದ ಹಾಲು ಗಟ್ಟಿಯಾಗುತ್ತದೆ. ಗಟ್ಟಿಯಾಗಲಿಲ್ಲವೆಂದರೆ ಅವು ಸತ್ತಿವೆ, ಇಲ್ಲವೇ ಕೆಲಸ ನಿಲ್ಲಿಸಿವೆ. ನನಗೆ ಐದು ಸಂಗತಿ ಗೊತ್ತಾಗಬೇಕು.

ಮೊದಲನೆಯದು, ಆ ದಿನಗಳಲ್ಲಿ ಚಳಿ ಹೆಚ್ಚಿತ್ತೆ? ಎರಡನೆಯದು, ಎಮ್ಮೆಗೆ ಕೆಚ್ಚಲು ಬಾವು ಬಂದು ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆಯೆ? ಪ್ರತಿಜೈವಿಕ ಔಷಧ ಹಾಲಿಗೆ ಇಳಿಯುತ್ತದೆ. ಮೂರನೆಯದು, ಆಕೆಯ ಮನೆಯೊಳಗಿನ ಮೊಸರು ಸರಿಯಾಗಿ ಆಗುತ್ತದೆಯೆ? ನಾಲ್ಕನೆಯದು, ಎಲ್ಲ ದಿನವೂ ಕೆಡುತ್ತಿತ್ತೆ, ಕೆಲವು ದಿನ ಮಾತ್ರವೆ? ಐದನೆಯದು, ಕ್ಯಾನನ್ನು ಏನು ಹಾಕಿ, ಎಷ್ಟು ಹಾಕಿ, ಹೇಗೆ ತೊಳೆಯುತ್ತಾರೆ?

ನನಗೆ ಇಂಜೆಕ್ಷನ್ನಿನ ಮೇಲೆಯೇ ಹೆಚ್ಚು ಅನುಮಾನ.

ನಿಮ್ಮ ಗಡಿಗೆ ಮೊಸರಿನ ಸುದ್ದಿ ಓದಿ ಹಸಿವಾಯಿತು. ನಾನು ತಿನ್ನುವುದು ಪ್ಯಾಕೆಟ್ಟಿನ ಮೊಸರು. ಅದಕ್ಕೆ ಗುಣವೂ ಇಲ್ಲ, ದೋಷವೂ ಇಲ್ಲ.

ನಿಮ್ಮ ವಿದ್ಯಾರ್ಥಿನಿ
ಸ್ನೇಹಲ


ಬನ್ನಿಕಟ್ಟಿ ತೋಟ
೨೯ ನವೆಂಬರ್ ೨೦೨೪

ಚಿ. ಸ್ನೇಹಲಳಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ನಾಲ್ಕು ಕಾಗುಣಿತ ದೋಷಗಳಿವೆ. ಹದಿನೇಳು ವರ್ಷ ಹೊರಗಿದ್ದವಳಿಗೆ ಇದು ಹೆಚ್ಚೇನಲ್ಲ.

ಚಳಿ ಎಲ್ಲರ ಗಡಿಗೆಗೂ ಒಂದೇ. ಆದ್ದರಿಂದ ಮೊದಲನೆಯ ಕಾರಣ ನಿಲ್ಲುವುದಿಲ್ಲ.

ಕಳೆದ ಆರು ತಿಂಗಳಲ್ಲಿ ಆ ನಾಲ್ಕು ಎಮ್ಮೆಗಳಿಗೆ ಯಾವ ಇಂಜೆಕ್ಷನ್ನೂ ಆಗಿಲ್ಲ. ಪಶು ಆಸ್ಪತ್ರೆಯ ಚೀಟಿಗಳನ್ನು ನಾನೇ ನೋಡಿದೆ. ಒಂದಾದರೂ ಇರಬಹುದೆಂದು ಎರಡು ಸಲ ನೋಡಿದೆ.

ಮನೆಯೊಳಗಿನ ಮೊಸರು ಚೆನ್ನಾಗಿಯೇ ಆಗುತ್ತದೆ. ಮನೆಗೆ ಬೇಕಾದ ಹಾಲನ್ನು ಅವಳು ಹಿತ್ತಾಳೆಯ ತಂಬಿಗೆಯಲ್ಲಿ ಕರೆದುಕೊಳ್ಳುತ್ತಾಳೆ. ಇದು ತಿಳಿದ ಮೇಲೆ ಜನರ ಮಾತು ಇನ್ನೂ ಹರಿತವಾಯಿತು. “ಮನಿಗೆ ಚಲೋ ಹಾಲು, ಸಂಘಕ್ಕ ಸೋಡಾದ ಹಾಲು, ಭಾರಿ ಶಾಣ್ಯಾಕಿ ಬಿಡ,” ಎಂದು ಕೆಂಚವ್ವ ನಾಲ್ಕು ಜನರ ಎದುರಿಗೇ ಅಂದಳು.

ನಾಲ್ಕನೆಯ ಪ್ರಶ್ನೆಗೆ ಉತ್ತರ ನನ್ನನ್ನೂ ಚಕಿತಗೊಳಿಸಿತು. ಸಂಘದ ದಾಖಲೆಯನ್ನು ದಿನದಿನವಾಗಿ ಪರಿಶೀಲಿಸಿದೆ. ಅಕ್ಟೋಬರ್‌ನಲ್ಲಿ ಭೀಮಾಬಾಯಿ ಐದು ದಿನ ಮುಗಳಖೋಡದ ಮಗಳ ಮನೆಗೆ ಬಾಣಂತನಕ್ಕೆಂದು ಹೋಗಿದ್ದಳು. ಆ ಐದು ದಿನ ಸೊಸೆ ಸೋನಾಲಿ ಹಾಲು ತಂದಳು. ಆ ಐದೂ ದಿನ ಮೊಸರು ಕಲ್ಲಿನಂತೆ ಗಟ್ಟಿಯಾಗಿತ್ತು. ಅತ್ತೆ ಬಂದ ಮರುದಿನ ಮತ್ತೆ ಕೆಟ್ಟಿತು. ಇದಕ್ಕಿಂತ ಬೇರೆ ಸಾಕ್ಷಿ ಏಕೆ ಎನ್ನುತ್ತಾರೆ. ಸೋನಾಲಿ ಮಾತ್ರ ಅಳುತ್ತಾ, “ನಮ್ಮ ಅತ್ತಿ ನನಕಿಂತ ಹತ್ತ ಪಟ್ಟ ಸ್ವಚ್ಛ ಅದಾರ್ರಿ. ನಾನ ಮೈಗಳ್ಳಿ,” ಎಂದಳು.

ಐದನೆಯ ಪ್ರಶ್ನೆ ಅನಾವಶ್ಯಕ. ಭೀಮಾಬಾಯಿಯ ಕ್ಯಾನಿನಷ್ಟು ಶುಚಿಯಾದ ಪಾತ್ರೆ ಈ ವಸತಿಯಲ್ಲಿ ಇನ್ನೊಂದಿಲ್ಲ. ಅದಕ್ಕೆ ನಾನೇ ಜವಾಬ್ದಾರಳು.

ಈಗ ಅವಳ ಹಾಲು ಲಗಮಣ್ಣನ ಚಹಾದಂಗಡಿಗೆ ಹೋಗುತ್ತಿದೆ. “ಚಾಕ ಹೆಪ್ಪಿನ ಗರಜಿಲ್ಲ ಬಿಡ್ರಿ,” ಎಂದು ಅವನು ನಗುತ್ತಾನೆ. ಅವಳು ನಗುವುದಿಲ್ಲ.

ಬೇರೆ ಕಾರಣಗಳಿದ್ದರೆ ಬರೆ.

ಚಂ. ಮು. ಅವಟಿ


ಪುಣೆ
೪ ಡಿಸೆಂಬರ್ ೨೦೨೪

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಎಮ್ಮೆ ಒಂದೇ, ಹುಲ್ಲು ಒಂದೇ, ಕರೆಯುವ ಕೈಯೂ ಒಂದೇ. ತಂಬಿಗೆಯ ಹಾಲು ಮೊಸರಾಗುತ್ತದೆ, ಕ್ಯಾನಿನ ಹಾಲು ಆಗುವುದಿಲ್ಲ. ಹಾಗಿದ್ದರೆ ದೋಷ ಹಾಲಿನದಲ್ಲ, ಕ್ಯಾನಿನದು. ನೀವು ಅನಾವಶ್ಯಕ ಅಂದದ್ದರ ಮೇಲೆಯೇ ಮತ್ತೆ ಕೈ ಇಡುತ್ತಿದ್ದೇನೆ, ಕ್ಷಮಿಸಿ. ಶುಚಿಯಾದ ಪಾತ್ರೆಯಲ್ಲಿಯೇ ಕೆಲವೊಮ್ಮೆ ತೊಂದರೆ ಇರುತ್ತದೆ.

ಅವರ ಮನಸ್ಸು ನೋಯದಂತೆ ಇಷ್ಟು ಮಾಡಿಸಿ. ಭೀಮಾಬಾಯಿ ಎಂದಿನಂತೆ ಕ್ಯಾನ್ ತೊಳೆದು ಒಣಗಿಸಲಿ. ಹಾಲು ಹಾಕುವ ಮೊದಲು, ಕಾಯಿಸಿ ಆರಿಸಿದ ನೀರು ಅರ್ಧ ಲೀಟರ್ ಅದರಲ್ಲಿ ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಾಡಿಸಿ. ಆ ನೀರನ್ನು ಗಾಜಿನ ಬಾಟಲಿಗೆ ತುಂಬಿ ಕಳುಹಿಸಿ. ಮರುದಿನ ಅದೇ ಕ್ಯಾನನ್ನು ಸೋನಾಲಿ ತನ್ನ ರೀತಿಯಲ್ಲಿ ತೊಳೆಯಲಿ. ಅದರ ನೀರು ಇನ್ನೊಂದು ಬಾಟಲಿಗೆ.

ಆ ಹೆಣ್ಣುಮಗಳಿಗೆ ಧೈರ್ಯ ಹೇಳಿ. ಅವರಿಗೆ ಯಾರೋ ತಪ್ಪು ಹೇಳಿಕೊಟ್ಟಿರಬಹುದು, ಅಂಗಡಿಯವರು ಯಾರಾದರೂ.

ಸ್ನೇಹಲ


ಬನ್ನಿಕಟ್ಟಿ ತೋಟ
೮ ಡಿಸೆಂಬರ್ ೨೦೨೪

ಚಿ. ಸ್ನೇಹಲಳಿಗೆ,

ಎರಡು ಬಾಟಲಿಗಳನ್ನು ಅಥಣಿಯ ಕೊರಿಯರ್ ಮೂಲಕ ಕಳುಹಿಸಿದ್ದೇನೆ. ‘ಅ’ ಎಂಬ ಚೀಟಿ ಇರುವುದು ಭೀಮಾಬಾಯಿ ತೊಳೆದ ಕ್ಯಾನಿನದು. ‘ಆ’ ಸೋನಾಲಿ ತೊಳೆದದ್ದು. ಸೋನಾಲಿ ಸೆಗಣಿಯ ಕುಳ್ಳಿನ ಬೂದಿ ಹಚ್ಚಿ ತಿಕ್ಕಿ, ಕುದಿಯುವ ನೀರು ಸುರಿದು, ಬಿಸಿಲಿಗೆ ಬೋರಲು ಹಾಕುತ್ತಾಳೆ. ಇದು ಅವರ ಮನೆಯ ಹಳೆಯ ರೂಢಿ.

ಭೀಮಾಬಾಯಿ ತೊಳೆಯುವುದನ್ನು ನಾನು ನಿಂತು ನೋಡಿದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಹೆಚ್ಚಿಗೆ ಬರೆಯುವುದೇನೂ ಇಲ್ಲ.

ಚಂ. ಮು. ಅವಟಿ


ಪುಣೆ
೧೩ ಡಿಸೆಂಬರ್ ೨೦೨೪

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಕಾರಣ ಸಿಕ್ಕಿತು. ಭೀಮಾಬಾಯಿ ನಿರ್ದೋಷಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಬಾಟಲಿ ‘ಅ’ವನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿದ ಕೂಡಲೇ ನೊರೆ ಬಂತು. ಮೊಸರಿನ ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯ ಮೇಲೆ ಅದರ ಒಂದು ಹನಿ ಇಟ್ಟೆ. ಮರುದಿನ ಹನಿಯ ಸುತ್ತ ಏನೂ ಬೆಳೆದಿರಲಿಲ್ಲ. ‘ಆ’ದ ಹನಿಯ ಸುತ್ತ ಎಲ್ಲವೂ ಸಮೃದ್ಧವಾಗಿತ್ತು. ಕ್ಯಾನಿನಲ್ಲಿ ಪಾತ್ರೆ ಶುದ್ಧೀಕರಿಸುವ ಒಂದು ಸಂಶ್ಲೇಷಿತ ರಾಸಾಯನಿಕ ಉಳಿದುಕೊಂಡಿದೆ. ಡೇರಿ ಸಾಮಾನಿನ ಅಂಗಡಿಗಳಲ್ಲಿ ನೀಲಿ ಬಾಟಲಿಯಲ್ಲಿ ಸಿಗುತ್ತದಲ್ಲ, ಆ ಜಾತಿಯದು.

ಅದರ ರಚನೆ ತಿಳಿದರೆ ಎಲ್ಲವೂ ತಿಳಿಯುತ್ತದೆ. ತಲೆಯಲ್ಲಿ ಒಂದು ಸಾರಜನಕದ ಪರಮಾಣು, ಅದಕ್ಕೆ ಧನಾವೇಶ. ನನ್ನ ಏಳನೆಯ ತಪ್ಪಿನ ಸಾರಜನಕವೇ ಅಕ್ಕೋರೆ. ಅದಕ್ಕೆ ನಾಲ್ಕು ಕೈಗಳು. ಮೂರು ಗಿಡ್ಡ, ಒಂದು ಉದ್ದ. ಆ ಉದ್ದನೆಯದು ಇಂಗಾಲದ ಸರಪಳಿ. ಅದನ್ನು ಕಬ್ಬೆಂದು ತಿಳಿಯಿರಿ, ಒಂದೊಂದು ಇಂಗಾಲ ಒಂದೊಂದು ಗಣಿಕೆ. ಬ್ಯಾಕ್ಟೀರಿಯಾದ ಮೈಗೆ ಋಣಾವೇಶವಿದೆ. ತಲೆ ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಬಾಲ ಜಿಡ್ಡಿನ ಪೊರೆಯೊಳಗೆ ಇಳಿಯುತ್ತದೆ. ಪೊರೆ ಸಡಿಲವಾಗಿ, ಒಳಗಿನದೆಲ್ಲ ಸೋರಿ ಜೀವ ಹೋಗುತ್ತದೆ.

ಇಂಥ ಕ್ರಿಮಿನಾಶಕಗಳನ್ನು ತಯಾರಿಸುವ ನಮ್ಮ ಪ್ರಯೋಗಾಲಯದ ಕೆಲಸವೇ ಆ ಗಣಿಕೆಗಳನ್ನು ಎಣಿಸುವುದು. ಎಂಟು ಗಣಿಕೆಯ ಬಾಲ ಗಿಡ್ಡ, ಪೊರೆಯನ್ನು ಸರಿಯಾಗಿ ಹೊಗುವುದಿಲ್ಲ. ಹನ್ನೆರಡು, ಹದಿನಾಲ್ಕಕ್ಕೆ ಬಂದರೆ ಭಯಂಕರ. ಹದಿನೆಂಟು ದಾಟಿದರೆ ಮತ್ತೆ ಸಪ್ಪೆ. ನೀರಿನಲ್ಲಿ ಒಂದಕ್ಕೊಂದು ಸುತ್ತಿಕೊಂಡು ಕೂರುತ್ತವೆ, ಶತ್ರುವಿನವರೆಗೆ ಹೋಗುವುದೇ ಇಲ್ಲ. ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಕೊಳಕು ನೀರಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಪೊರೆಯ ಮೇಲೆ ಇನ್ನೊಂದು ಪೊರೆ ಇರುತ್ತದೆ. ಅವು ಇದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಮೊಸರಿನವಕ್ಕೆ ಆ ಹೊರಗಿನ ಪೊರೆ ಇಲ್ಲ. ನಾವು ಹೆದರುವ ಜೀವಿ ಉಳಿಯಬಹುದು, ನಮ್ಮನ್ನು ಸಾಕಿದ ಜೀವಿ ಮೊದಲು ಸಾಯುತ್ತದೆ. ಹಾಲು ಕಾಯಿಸಿದರೂ ರಾಸಾಯನಿಕ ಹೋಗುವುದಿಲ್ಲ. ಆದ್ದರಿಂದಲೇ ಅದು ಹೆಚ್ಚು ಉಳಿದ ದಿನ ಒಂದು ಕ್ಯಾನು ಇಡೀ ದಿನದ ಮೊಸರನ್ನು ಕೆಡಿಸಿತು, ಕಡಿಮೆ ಉಳಿದ ದಿನ ಹದಿಮೂರು ಜನರ ಹಾಲಿನಲ್ಲಿ ತೆಳುವಾಗಿ ಹೋಯಿತು.

ಹೇಳಿದ ಪ್ರಮಾಣದಲ್ಲಿ ಹಾಕಿ, ಆಮೇಲೆ ಶುದ್ಧ ನೀರಿನಿಂದ ತೊಳೆದರೆ ಯಾವ ತೊಂದರೆಯೂ ಇಲ್ಲ. ಇಲ್ಲಿ ಪ್ರಮಾಣ ದುಪ್ಪಟ್ಟಿಗಿಂತ ಕಡಿಮೆಯಿಲ್ಲ, ಆಮೇಲೆ ತೊಳೆದೇ ಇಲ್ಲ.

ಒಂದು ಮಾತು ಮುಚ್ಚಿಟ್ಟಿದ್ದೆ. ನಿಮ್ಮ ಮೊದಲ ಪತ್ರ ಓದಿದಾಗಲೇ ಇದು ನೆನಪಾಗಿತ್ತು. ಆದರೂ ಇಂಜೆಕ್ಷನ್ ಎಂದು ಬರೆದೆ. ನಾನು ಮಾಡುವ ಪದಾರ್ಥವೇ ನನ್ನ ಊರಿನ ಕಡೆ ಮೊಸರು ಕೆಡಿಸಿದೆ ಎನ್ನಲು ಮನಸ್ಸಾಗಲಿಲ್ಲ.

ಸಭೆಗಾಗಿ ಒಂದು ವರದಿ ಲಗತ್ತಿಸಿದ್ದೇನೆ. ಕೊನೆಯ ವಾಕ್ಯ ನೋಡಿ: “ಸದರಿ ಹಾಲು ಉತ್ಪಾದಕಿಯು ಅನಕ್ಷರಸ್ಥಳಾದ ಕಾರಣ ಬಾಟಲಿಯ ಮೇಲಿನ ಸೂಚನೆಯನ್ನು ಅರಿಯದೆ ತಪ್ಪಾಗಿ ಬಳಸಿದ್ದಾಳೆ.” ಇದರಿಂದ ಮೋಸದ ಆರೋಪ ಬಿದ್ದುಹೋಗುತ್ತದೆ. ಓದಲು ಬಾರದ್ದನ್ನು ಯಾರೂ ದೂರುವುದಿಲ್ಲ. ಯಾರ ಮನಸ್ಸಿಗೂ ನೋವಾಗದೆ ಮುಗಿಯುತ್ತದೆ.

ಸ್ನೇಹಲ


ಪುಣೆ
೧೮ ಡಿಸೆಂಬರ್ ೨೦೨೪

ಪೂಜ್ಯ ಅಕ್ಕೋರಿಗೆ,

ಪತ್ರ ೧೬ರಂದೇ ತಲುಪಿದೆ ಎಂದು ಅಂಚೆಯವರು ತೋರಿಸುತ್ತಿದ್ದಾರೆ. ನಿಮ್ಮ ಉತ್ತರವಿಲ್ಲ. ನಿಯಮ ಮುರಿದು ಎರಡು ಸಲ ಫೋನ್ ಮಾಡಿದೆ, ನೀವು ತೆಗೆಯಲಿಲ್ಲ. ಕಾಗುಣಿತ ತೀರಾ ಕೆಟ್ಟಿತ್ತೆ? ಅಥವಾ ಪಾಠ ಕಲಿಸಿದವರಿಗೇ ಪಾಠ ಹೇಳಿದಂತಾಯಿತೆ? ಹಾಗಿದ್ದರೆ ಕ್ಷಮೆ ಇರಲಿ. ನಾಡಿದ್ದು ಸಭೆ. ವರದಿಯನ್ನು ಮಾತ್ರ ಬಳಸಿಕೊಳ್ಳಿ.

ಸ್ನೇಹಲ


ಬನ್ನಿಕಟ್ಟಿ ತೋಟ
೨೨ ಡಿಸೆಂಬರ್ ೨೦೨೪

ಚಿ. ಸ್ನೇಹಲಳಿಗೆ ಆಶೀರ್ವಾದಗಳು.

ನಿನ್ನ ಕಾಗುಣಿತದಲ್ಲಿ ದೋಷವಿರಲಿಲ್ಲ. ನಿನ್ನ ವಿವರಣೆಗೆ ಹತ್ತಕ್ಕೆ ಹತ್ತು. ವರದಿಯಲ್ಲಿ ಒಂದು ವಾಕ್ಯ ತಪ್ಪಿದೆ. ಆ ತಪ್ಪು ನನ್ನದು.

ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಅಥಣಿಯಿಂದ ಆ ನೀಲಿ ಬಾಟಲಿಗಳನ್ನು ತಂದವಳು ನಾನು. ಎಲ್ಲರಿಗೂ ಹಂಚಿದೆ. ಉಳಿದವರು ಮೂಲೆಗಿಟ್ಟು ಮರೆತರು. ಭೀಮಾಬಾಯಿ ಮಾತ್ರ ಬಂದು, “ಹೆಂಗ ಹಾಕೂದರಿ ಅಕ್ಕೋರ, ಬರದ ಕೊಡ್ರಿ, ಸೋನಾಲಿ ಕಡೆ ಓದಸ್ತೀನಿ,” ಎಂದಳು. ಬಾಟಲಿಯ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ನಿಘಂಟು ಇಟ್ಟುಕೊಂಡು ಪೂರ್ತಿಯಾಗಿ ಓದಿದೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಎಂದಿತ್ತು. ಎಮ್ಮೆಯ ಹಾಲಿಗೆ ಜಿಡ್ಡು ಹೆಚ್ಚು, ಆದ್ದರಿಂದ ಎರಡಿರಲಿ ಎಂದು ನಿರ್ಧರಿಸಿದೆ. ಕೊನೆಯಲ್ಲಿ ಶುದ್ಧ ನೀರಿನಿಂದ ತೊಳೆಯಬೇಕು ಎಂದಿತ್ತು. ಅವರ ಬಾವಿಯ ನೀರು ಶುದ್ಧವಲ್ಲ, ತೊಳೆದರೆ ಕ್ರಿಮಿಗಳು ಮತ್ತೆ ಬರುತ್ತವೆ, ಆದ್ದರಿಂದ ತೊಳೆಯಬಾರದು ಎಂದು ಬರೆದೆ. ಬರೆದು ಕೆಳಗೆ ಸಹಿ ಹಾಕಿದೆ. ಬೂದಿ ಹಚ್ಚುವುದನ್ನು ಬಿಡು, ಅದು ಹಿಂದಿನವರ ಅಜ್ಞಾನ ಎಂದು ಬಾಯಲ್ಲಿಯೂ ಹೇಳಿದೆ.

ಸೂಚನೆ ತಿಳಿಯದೆ ತಪ್ಪಿದ್ದಲ್ಲ. ಪೂರ್ತಿ ತಿಳಿದು, ಅದಕ್ಕಿಂತ ನನಗೆ ಹೆಚ್ಚು ತಿಳಿದಿದೆ ಎಂದುಕೊಂಡು ತಪ್ಪಿದ್ದು.

ಸಭೆಯಲ್ಲಿ ಅವಳು ನನ್ನ ಕಡೆ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ನೀನು ಬೇರೊಂದು ಕಾರಣ ಕೊಡುವೆಯೆಂದು ಕಾದೆ. ನಿನ್ನ ಐದನೆಯ ಪ್ರಶ್ನೆಗೆ ಉತ್ತರವನ್ನು ಅಂದೇ ಬರೆದಿದ್ದೆ. ಲಕೋಟೆಗೆ ಹಾಕಲಿಲ್ಲ.

ನಿನ್ನ ವರದಿ ಕೈಯಲ್ಲಿದ್ದ ದಿನ ಅದನ್ನು ಮೂರು ಸಲ ಓದಿದೆ. ಅದನ್ನು ಇದ್ದಂತೆಯೇ ಓದಿಬಿಟ್ಟಿದ್ದರೆ ಭೀಮಾಬಾಯಿಯ ಹೆಸರು ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ನೀನು ತಿಳಿಯದೆಯೇ ನನಗೆ ಬಹಳ ಅನುಕೂಲವಾದ ವಾಕ್ಯವೊಂದನ್ನು ಬರೆದುಕೊಟ್ಟಿದ್ದೆ.

ಹದಿನೇಳರ ಬೆಳಿಗ್ಗೆ ಅವಳ ದನದ ಕೊಟ್ಟಿಗೆಗೆ ಹೋದೆ. ನನ್ನ ಹಾಳೆ ಗೋಡೆಯ ಮೇಲಿತ್ತು. ಜೋಳದ ಹಿಟ್ಟಿನ ಅಂಟಿನಿಂದ ನಾಲ್ಕೂ ಮೂಲೆ ಅಂಟಿಸಿದ್ದಳು. ದೀಪಾವಳಿಯಲ್ಲಿ ಎಮ್ಮೆಗಳಿಗೆ ಹಚ್ಚುವಾಗ ಅದಕ್ಕೂ ಅರಿಸಿನ ಕುಂಕುಮ ಹಚ್ಚಿದ್ದಳು.

“ಭೀಮಾಬಾಯಿ, ಸಭಾದಾಗ ಕೇಳಿದಾಗ ನನ್ನ ಹೆಸರು ಯಾಕ ಹೇಳಲಿಲ್ಲ?” ಎಂದು ಕೇಳಿದೆ.

ಸೆಗಣಿಯ ಕೈ ತೊಳೆದುಕೊಳ್ಳುತ್ತಲೇ ಹೇಳಿದಳು: “ನಿಮ್ಮ ಹೆಸರ ನಡುವ ಯಾಕ ತರೂದರಿ. ಔಷಧದ ವಾಸನಿ ಹಾಲಿಗೆ ಹತ್ತಾಕತ್ತೈತಿ ಅಂತ ನನಗೂ ಒಮ್ಮೊಮ್ಮೆ ಅನಸ್ತಿತ್ರಿ. ಆದರ ಅಕ್ಕೋರ ಬರದಾರ, ತಪ್ಪಿರಾಂಗಿಲ್ಲ ಅಂತ ಸುಮ್ಮನಾದ್ನಿ.”

“ತಪ್ಪೈತಿ,” ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಅನಂತರ, “ಹಂಗಾರ ಎಮ್ಮಿದೇನೂ ದೋಷ ಇಲ್ಲಲ್ಲರಿ?” ಎಂದಳು. ಇಲ್ಲವೆಂದೆ. “ಅಷ್ಟ ಸಾಕ ಬಿಡ್ರಿ,” ಎಂದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಹಾಳೆಯನ್ನು ಕೇಳಿ ಪಡೆದೆ. ಬಿಡಿಸುವಾಗ ಒಂದು ಮೂಲೆ ಹರಿಯಿತು.

ಹತ್ತೊಂಬತ್ತರ ಬೆಳಿಗ್ಗೆ ಎಲ್ಲರ ಎದುರು ಪ್ರಯೋಗ ಮಾಡಿದೆ. ಎರಡು ಕ್ಯಾನು. ಒಂದನ್ನು ಭೀಮಾಬಾಯಿ ನನ್ನ ಹಾಳೆಯಂತೆ ತೊಳೆದಳು. ಇನ್ನೊಂದನ್ನು ಸೋನಾಲಿ ಬೂದಿಯಿಂದ ತೊಳೆದಳು. ಒಂದೇ ಎಮ್ಮೆಯ ಹಾಲನ್ನು ಎರಡಕ್ಕೂ ಸಮನಾಗಿ ಹಾಕಿ, ಬೇರೆ ಬೇರೆ ಕಾಯಿಸಿ, ಒಂದೇ ಹೆಪ್ಪು ಬಿಟ್ಟೆವು. ಗಡಿಗೆಗಳ ಬಾಯಿಗೆ ಬಟ್ಟೆ ಕಟ್ಟಿ ದಾರದ ಗಂಟಿಗೆ ಅರಗು ಹಾಕಿಸಿದೆ.

“ಪರೀಕ್ಷಾ ಅಂದ್ರ ಅಕ್ಕೋರ, ಎಮ್ಮಿ ಕಾಪಿ ಹೊಡಿಯೂದಿಲ್ಲ ಅಲ್ಲರಿ?” ಎಂದು ಕೆಂಚವ್ವ ಎಲ್ಲರನ್ನೂ ನಗಿಸಿದಳು.

ಮರುದಿನ ಸಭೆಯಲ್ಲಿ ಅರಗನ್ನು ಅವಳೇ ಒಡೆದಳು. ಸೋನಾಲಿಯ ಕ್ಯಾನಿನ ಹಾಲು ಗಟ್ಟಿಯಾಗಿತ್ತು. ಗಡಿಗೆ ಓರೆ ಮಾಡಿದರೂ ಸರಿಯಲಿಲ್ಲ. ಭೀಮಾಬಾಯಿಯ ಕ್ಯಾನಿನ ಹಾಲು ನಿನ್ನೆಯಂತೆಯೇ ಇತ್ತು. ಕೆಂಚವ್ವ ಬೆರಳು ಅದ್ದಿ ನೆಕ್ಕಿದಳು.

ಆಗ ನಾನು ಎದ್ದು ನಿಂತೆ. ನನ್ನ ತರಗತಿಯ ನಿಯಮ ನಿನಗೆ ಗೊತ್ತಿದೆ. ಪೂರ್ಣ ಹೆಸರು, ಸೇವಾವಧಿ ಹೇಳಿದೆ. ಅನಂತರ ಗೋಡೆಯ ಹಾಳೆಯನ್ನು ಮೊದಲಿನಿಂದ ಸಹಿಯವರೆಗೆ ಗಟ್ಟಿಯಾಗಿ ಓದಿದೆ. ಆಮೇಲೆ ಸರಿಯಾದುದನ್ನು ಓದಿ ಕೂತೆ. ಮೂವತ್ತನಾಲ್ಕು ವರ್ಷ ಎಷ್ಟೋ ಮಕ್ಕಳನ್ನು ಹಾಗೆ ನಿಲ್ಲಿಸಿದ್ದೇನೆ. ಹಾಗೆ ನಿಂತಾಗ ಒಂದು ಹಾಳೆಯೂ ಬಹಳ ಉದ್ದವೆಂದು ನಿಮ್ಮಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.

ಕೆಂಚವ್ವ ಭೀಮಾಬಾಯಿಯ ಹತ್ತಿರ ಹೋಗಿ, “ನಾ ಭಾಳ ಅಂದೆ, ಮನಸಿನ್ಯಾಗ ಇಟಗೋಬ್ಯಾಡ ಬೇ,” ಎಂದಳು. “ಇಟಗೊಂಡೇನಿ,” ಎಂದಳು ಭೀಮಾಬಾಯಿ. “ನಾಲ್ಕ ದಿನಾ ಇಟಗೊಂಡ ಬಿಡ್ತೇನಿ.” ಅದೇ ದಿನದಿಂದ ಅವಳ ಹಾಲು ಸಂಘಕ್ಕೆ ಬರುತ್ತಿದೆ.

ಸಲಹೆಗಾರ್ತಿಯ ಸ್ಥಾನಕ್ಕೆ ರಾಜೀನಾಮೆ ಬರೆದುಕೊಟ್ಟೆ. ಕೆಂಚವ್ವ ಅದನ್ನು ಓದದೆಯೇ ಮಡಚಿ ನನ್ನ ಕೈಗಿಟ್ಟಳು. “ಸಲಹಾ ಕೊಡ್ರಿ ಅಕ್ಕೋರ. ಆದರ ಇನ್ನ ಮ್ಯಾಲ ನಿಮ್ಮ ಚೀಟಿನೂ ಒಂದ ದಿನಾ ಹೆಪ್ಪಿಗಿಟ್ಟ ನೋಡಿ ತಗೋತೇವಿ.”

ಇದು ನ್ಯಾಯವಾದ ಷರತ್ತು. ಒಪ್ಪಿದ್ದೇನೆ.

ನಿನ್ನ ಪದಾರ್ಥ ಮೊಸರು ಕೆಡಿಸಲಿಲ್ಲ, ಸ್ನೇಹಲ. ಅದರ ಗಣಿಕೆಗಳನ್ನು ಎಣಿಸುತ್ತಲೇ ಇರು. ಅದನ್ನು ಹೇಗೆ ಬಳಸಬೇಕೆಂಬ ಮಾತನ್ನು ಮಾತ್ರ ಓದಲು ಬಾರದವಳಿಗೂ ಸರಿಯಾಗಿ ತಲುಪುವಂತೆ ಬರೆಯಿಸು, ಕನ್ನಡದಲ್ಲಿಯೂ ಬರೆಯಿಸು. ನಡುವೆ ನನ್ನಂಥವರು ಬೇಡ.

ಚಂಪಾವತಿ ಮುರಗೆಪ್ಪ ಅವಟಿ

ಲಗತ್ತುಗಳು:

೧. ನೀನು ಕಳುಹಿಸಿದ ವರದಿ, ಒಂದು ಪುಟ. ಕೊನೆಯ ವಾಕ್ಯದಲ್ಲಿ ‘ಅನಕ್ಷರಸ್ಥಳಾದ ಕಾರಣ ಬಾಟಲಿಯ ಮೇಲಿನ ಸೂಚನೆಯನ್ನು ಅರಿಯದೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಬದಲಿಗೆ ‘ಶಿಕ್ಷಕಿಯ ಲಿಖಿತ ಸೂಚನೆಯನ್ನು ತಪ್ಪದೆ ಪಾಲಿಸಿದ ಕಾರಣ’ ಎಂದು ತಿದ್ದಿದೆ. ಶುದ್ಧ ಪ್ರತಿ ಮಾಡಿ, ಸಹಿ ಹಾಕಿ ಸಂಘಕ್ಕೆ ಕಳುಹಿಸುವುದು.

೨. ಸಭೆಯಲ್ಲಿ ನಾನು ಓದಿದ ಹೇಳಿಕೆಯ ಪ್ರತಿ, ಒಂದು ಪುಟ.

೩. ನಿನ್ನ ಐದನೆಯ ಪ್ರಶ್ನೆಗೆ ನವೆಂಬರ್ ೨೯ರಂದು ಬರೆದ ಉತ್ತರ, ಅರ್ಧ ಹಾಳೆ. ತಡವಾಗಿದೆ.

೪. ಭೀಮಾಬಾಯಿಯ ಗೋಡೆಯ ಮೇಲಿದ್ದ ಹಾಳೆ, ಮೂಲ. ಅರಿಸಿನ ಕುಂಕುಮದ ಗುರುತುಗಳಿವೆ, ಅಳಿಸಬಾರದು.

೫. ಭೀಮಾಬಾಯಿಯ ಮನೆಯ ಹೆಪ್ಪಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದ ಬಟ್ಟೆಯ ಚೂರು, ಒಂದು. ಪ್ಯಾಕೆಟ್ಟಿನ ಮೊಸರಿನ ಸಂಗತಿ ಕೇಳಿ ಅವಳೇ ಕೊಟ್ಟದ್ದು.

೬. ಆ ಬಟ್ಟೆಯಿಂದ ಮೊಸರು ಮಾಡುವ ಕ್ರಮ, ಒಂದು ಚೀಟಿ. ಹೇಳಿದವಳು ಭೀಮಾಬಾಯಿ, ಬರೆದುಕೊಂಡವಳು ನಾನು. ಅವಳು ಹೇಳಿದಷ್ಟೇ ಇದೆ. ನನ್ನದೆಂದು ಏನನ್ನೂ ಸೇರಿಸಿಲ್ಲ.